ತೀರಿಕೊಂಡ ಬಸ್ಸಿಗೆ ಬುತ್ತಿ

ನಮ್ಮ ಅತ್ತೆ ಒಬ್ಬ ಟಿವಿ ನಿರೂಪಕನ ಜೊತೆ ಮಾತು ಬಿಟ್ಟಿದ್ದಾರೆ. ನಗಬೇಡಿ, ನಿಜವಾಗಿಯೂ ಬಿಟ್ಟಿದ್ದಾರೆ! ಆತನಿಗೆ ಈ ವಿಷಯ ಇನ್ನೂ ಗೊತ್ತಾಗಿಲ್ಲ, ಅಷ್ಟೇ. ಗೊತ್ತಾದ ದಿನ ಪಾಪ, ಎಷ್ಟು ಪೇಚಾಡುತ್ತಾನೋ ಏನೋ! ಅತ್ತೆ ಎಂದರೆ ನನ್ನ ಗಂಡನ ತಾಯಿ. ಬಬಲೇಶ್ವರದ ನಮ್ಮ ಓಣಿಯಲ್ಲಿ ಆಕೆ ಮಾತು ಬಿಟ್ಟರೆ ಅದು ಸಣ್ಣ ಸಂಗತಿಯಲ್ಲ. ತೂಕದಲ್ಲಿ ಮೋಸ ಮಾಡಿದ ಕಿರಾಣಿ ಅಂಗಡಿಯವನೊಬ್ಬ ಆಕೆಯ ಮೌನ ತಾಳಲಾರದೆ ತಾನೇ ಮನೆಗೆ ಬಂದು, ಚಹಾ ಕೇಳಿ ಕುಡಿದು, ರಾಜಿಯಾಗಿ ಹೋಗಿದ್ದಾನೆ. ಟಿವಿಯವನು ಮಾತ್ರ ಇನ್ನೂ ಬಂದಿಲ್ಲ.

ಮೊದಲು ಅವರಿಬ್ಬರ ಸಂಬಂಧ ಚೆನ್ನಾಗಿಯೇ ಇತ್ತು. ಸಂಜೆ ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲೆ ಅತ್ತೆ ಟಿವಿಯ ಎದುರು ಕಾಲು ಚಾಚಿ ಕೂರುತ್ತಿದ್ದರು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಂಥದರಲ್ಲಿ ಆತ ಕೋಟು ತೊಟ್ಟು, ಕೊರಳಿಗೆ ಟೈ ಬಿಗಿದುಕೊಂಡು, ಹಣೆಯ ನರ ಉಬ್ಬಿಸಿ ಕಿರುಚುತ್ತಿದ್ದ. ಅತ್ತೆಗೆ ಕನಿಕರ. "ಯಪ್ಪಾ, ಸಾವಕಾಶ ಹೇಳೋ. ಗಂಟಲ ಹರದೀತು. ನಾವೆಲ್ಲಿ ಓಡಿ ಹೊಂಟೇವಿ?" ಎಂದು ಸಮಾಧಾನ ಮಾಡುತ್ತಿದ್ದರು. ಪರದೆಯ ಮೇಲೆ ಆರು ಚೌಕಗಳಲ್ಲಿ ಆರು ಜನ ಒಟ್ಟಿಗೆ ಬಾಯಿ ಮಾಡತೊಡಗಿದರೆ ಆಕೆಗೆ ಕೂರಲು ಆಗುತ್ತಿರಲಿಲ್ಲ. ಓಣಿಯ ಜಗಳಗಳನ್ನು ಬಿಡಿಸಿ ರೂಢಿಯಾದವರು! ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ಏ, ಒಬ್ಬೊಬ್ಬರ ಮಾತಾಡ್ರೋ! ನೀ ಮೊದಲ ಹೇಳು, ಮೂಲ್ಯಾಗ ಕುಂತಾಂವ" ಎಂದು ಪಂಚಾಯ್ತಿಗೆ ಇಳಿಯುತ್ತಿದ್ದರು. ಮೂಲೆಯವನು ಕೇಳುತ್ತಿರಲಿಲ್ಲ. ನಡುವೆ ಸಿಮೆಂಟಿನ ಜಾಹೀರಾತು ಬರುತ್ತಿತ್ತು. ಜಾಹೀರಾತು ಮುಗಿದ ಮೇಲೆ ಅದೇ ಆರು ಜನ ಅಲ್ಲಿಂದಲೇ ಮುಂದುವರಿಸುತ್ತಿದ್ದರು.

ಒಂದು ದಿನ ನನ್ನ ಗಂಡ ಊಟಕ್ಕೆ ಕುಳಿತವರು ಮಾತಿಗೆ ಮಾತು ಬಂದು ಹೇಳಿಬಿಟ್ಟರು: "ಅವ್ವಾ, ಆ ಚಾನೆಲ್ಲ ಒಂದ ದೊಡ್ಡ ಕಂಪನೀದು. ಮಾಲಕರು ಏನ ಹೇಳ್ರಿ ಅಂತಾರ, ಅಂವ ಅದನ್ನ ಹೇಳ್ತಾನ. ಯಾರ ಮ್ಯಾಲ ಸಿಟ್ಟ ಮಾಡು ಅಂತಾರ, ಅವರ ಮ್ಯಾಲ ಸಿಟ್ಟ ಮಾಡ್ತಾನ."

ಅತ್ತೆ ಮಗನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು. ಆಮೇಲೆ ಕೇಳಿದರು, "ಅಂದ್ರ ಇಂವ ಪಗಾರ ತಗೊಂಡು ಸಿಟ್ಟ ಮಾಡ್ತಾನೇನು?"

"ಹೌದು."

"ಅಯ್ಯ ಶಿವನೇ! ನಾ ಇಷ್ಟ ವರ್ಷ ಪುಕಟ ಸಿಟ್ಟ ಮಾಡೇನಲ್ಲೋ!"

ಅಷ್ಟಾದರೂ ಆಕೆ ಮಾತು ಬಿಟ್ಟಿರಲಿಲ್ಲ. ಬಿಟ್ಟದ್ದು ಖಾಲಾ ಅವರ ಸಲುವಾಗಿ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮುಸ್ಲಿಮರ ಮನೆ ಖಾಲಾ ಅವರದು. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ, ಇಡೀ ಓಣಿಗೆ ಆಕೆ ಖಾಲಾನೇ. ಅವರ ಯಜಮಾನರು ಸಂತೆಯಲ್ಲಿ ಬಟ್ಟೆ ವ್ಯಾಪಾರ ಮಾಡುತ್ತಾರೆ. ಅತ್ತೆ ಮತ್ತು ಖಾಲಾ ಒಂದೇ ವರ್ಷ ಸೊಸೆಯರಾಗಿ ಈ ಓಣಿಗೆ ಬಂದವರು, ಅಂದಿನಿಂದ ಒಂದೇ ಕಟ್ಟೆಯ ಮೇಲೆ ಕುಳಿತು ತಮ್ಮ ತಮ್ಮ ಅತ್ತೆಯರನ್ನು ಬೈದುಕೊಂಡವರು. ಈಗ ಬಹುಶಃ ಸೊಸೆಯರನ್ನು ಬೈಯುತ್ತಾರೆ, ನಾನು ಕೇಳಲು ಹೋಗಿಲ್ಲ. ಆ ಸಂಜೆ ಖಾಲಾ ಮೊರದಲ್ಲಿ ಅಕ್ಕಿ ಆರಿಸುತ್ತ ನಮ್ಮಲ್ಲೇ ಕುಳಿತಿದ್ದರು. ಟಿವಿಯವನು ಕ್ಯಾಮೆರಾದತ್ತ ಬೆರಳು ತೋರಿಸಿ, ದನಿ ತಗ್ಗಿಸಿ, "ನಿಮ್ಮ ಪಕ್ಕದ ಮನೆಯಲ್ಲಿ ಯಾರಿದ್ದಾರೆ ಗೊತ್ತೇ? ಎಚ್ಚರ!" ಎಂದ.

ಅತ್ತೆ ಪಕ್ಕಕ್ಕೆ ತಿರುಗಿ ನೋಡಿದರು. ಖಾಲಾ ಅಕ್ಕಿಯಿಂದ ತಲೆಯೆತ್ತಿದರು.

"ನಿನಗ ಅನ್ನಾಕತ್ತಾನ ನೋಡ ಬೇ."

"ನನಗ ಇರಬೇಕು. ಆ ಕಡೆ ಪಕ್ಕದಾಗ ನಿಮ್ಮ ದನದ ಕೊಟ್ಟಗಿ ಐತಿ," ಎಂದರು ಖಾಲಾ.

ಇಬ್ಬರೂ ಬಿದ್ದು ಬಿದ್ದು ನಕ್ಕರು. ಆದರೆ ಆತ ಮರುದಿನವೂ ಅದನ್ನೇ ಹೇಳಿದ, ಮೂರನೆಯ ದಿನವೂ ಹೇಳಿದ. ನಾಲ್ಕನೆಯ ಸಂಜೆ ಖಾಲಾ ಬರಲಿಲ್ಲ. ಮೈಯಲ್ಲಿ ನೆಟ್ಟಗಿಲ್ಲ ಎಂದು ಹೇಳಿ ಕಳಿಸಿದರು. ಅತ್ತೆ ಎದ್ದು ಟಿವಿಯ ದನಿ ಪೂರ್ತಿ ಇಳಿಸಿ, "ಇನ್ನ ನನ್ನ ನಿನ್ನ ಮಾತ ಮುಗೀತು" ಎಂದು ಅವನ ಮುಖಕ್ಕೇ ಹೇಳಿ, ಗೋಡೆಯಾಚೆ ಹೋಗಿ ಖಾಲಾ ಅವರ ಕೈ ಹಿಡಿದು ಎಳೆದುಕೊಂಡು ಬಂದರು. ಟಿವಿ ಬಂದ್ ಮಾಡಲಿಲ್ಲ, ನೋಡಿ! ಬಂದ್ ಮಾಡಿದರೆ ಮಾತು ಬಿಟ್ಟದ್ದು ಅವನಿಗೆ ತಿಳಿಯುವುದು ಹೇಗೆ? ಆತ ಬಾಯಿ ಬಡಿದುಕೊಳ್ಳುತ್ತಲೇ ಇರುತ್ತಿದ್ದ, ಇವರಿಬ್ಬರೂ ಅವನಿಗೆ ಬೆನ್ನು ಮಾಡಿ ಕುಳಿತು ಹರಟುತ್ತಿದ್ದರು.

ಇಲ್ಲಿಯವರೆಗೆ ಇದು ತಮಾಷೆಯ ಕಥೆ. ನಡುವೆ ನನ್ನ ಹೊಟ್ಟೆಪಾಡಿನ ವಿಷಯ ಬಂತು.

ನಾನು ವಿಜಯಪುರದ ಸೊಲ್ಲಾಪುರ ರಸ್ತೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂರುತ್ತಾರೆ. ಹಸಿದ ಸಕ್ಕರೆ ಕಾಯಿಲೆಯವರ ಸಿಟ್ಟನ್ನು ನೀವು ನೋಡಿಲ್ಲ, ನೋಡುವುದೂ ಬೇಡ! ಎಂಟಕ್ಕೆ ಸರಿಯಾಗಿ ನಾನು ಸೂಜಿ ಹಿಡಿದು ನಿಂತಿರಬೇಕು. ಅದಕ್ಕೆ ನನಗಿದ್ದ ಆಸರೆ ಒಂದೇ, ನಿಡೋಣಿಯಿಂದ ಹೊರಟು ನಮ್ಮೂರ ಮೇಲೆ ವಿಜಯಪುರಕ್ಕೆ ಹೋಗುವ ನಸುಕಿನ ಬಸ್ಸು. ಒಂದು ದಿನ ಅದು ಬರಲಿಲ್ಲ. ಮರುದಿನವೂ ಇಲ್ಲ. ಡಿಪೋದವರನ್ನು ಕೇಳಿದರೆ, ಡ್ರೈವರುಗಳು ಕಡಿಮೆ ಇದ್ದಾರೆ, ಆ ಬಸ್ಸು ನಿಲ್ಲಿಸಿದ್ದೇವೆ ಎಂದರು. ಜೀಪುಗಳಿದ್ದವು, ನಿಜ. ಜೀಪಿನವನು ಒಳಗೆ ತುಂಬಿ, ಮೇಲೆ ತುಂಬಿ, ಇನ್ನೂ ಒಬ್ಬರು ಬರಲಿ ಎಂದು ಕಾಯುವಷ್ಟರಲ್ಲಿ ಲ್ಯಾಬಿನಲ್ಲಿ ನನ್ನ ಹೆಸರಿಗೆ ಶಾಪ ಶುರುವಾಗಿರುತ್ತಿತ್ತು.

ಲ್ಯಾಬಿನ ಡಾಕ್ಟರು ಕೆಟ್ಟವರಲ್ಲ. "ಈ ತಿಂಗಳು ನೋಡ್ತೀನಮ್ಮ. ಮುಂದಿನ ತಿಂಗಳು ಎಂಟಕ್ಕೆ ಬರೋದಾದ್ರೆ ಬನ್ನಿ, ಇಲ್ಲಾಂದ್ರೆ ನಾನು ಊರಲ್ಲಿರೋರನ್ನೇ ನೋಡ್ಕೋಬೇಕಾಗುತ್ತೆ," ಎಂದರು. ನನ್ನ ಗಂಡ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಪೈಪು ಕೂಡಿಸುವವರು. ಅವರ ಕೆಲಸವೆಲ್ಲ ತಿಕೋಟಾ ಕಡೆ, ಅದೂ ನಸುಕಿನಲ್ಲೇ. ಅವರ ಬೈಕು ಒಂದು ದಿಕ್ಕಿಗೆ, ನನ್ನ ಕೆಲಸ ಇನ್ನೊಂದು ದಿಕ್ಕಿಗೆ. "ಬಿಡು ಹೋಗ್ಲಿ. ಮನ್ಯಾಗ ಆರಾಮ ಇರು," ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನನಗೆ ಆ ಕೆಲಸ ಬೇಕಿತ್ತು. ಆ ಬಿಳಿ ಕೋಟು ತೊಟ್ಟಾಗ ನಾನು ಯಾರದೋ ಸೊಸೆ, ಯಾರದೋ ಹೆಂಡತಿ ಅಲ್ಲ, ನಾನೇ ಆಗಿರುತ್ತಿದ್ದೆ. ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಅಳುವವರಿಗೆ ಈರುಳ್ಳಿ ದೊಡ್ಡ ಅನುಕೂಲ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಒಂದ ಉಳ್ಳಾಗಡ್ಡಿಗೆ ಇಷ್ಟ ಅಳ್ತಾರೇನ?" ಎಂದಷ್ಟೇ ಕೇಳಿ ಹೋದರು.

ಆ ಸಂಜೆ ಆಕೆ ಟಿವಿಗೆ ಬೆನ್ನು ಮಾಡಲಿಲ್ಲ. ದನಿ ಏರಿಸಿದರು! ನಮ್ಮ ಬಸ್ಸು ನಿಂತ ಸುದ್ದಿ ಹೇಳುತ್ತಾನೇನೋ ಎಂದು ಕಾದರು. ಆತ ಒಬ್ಬ ಸಿನಿಮಾ ನಟನ ಮದುವೆ ತೋರಿಸಿದ. ಮರುದಿನ ಮದುವೆಯ ಊಟ ತೋರಿಸಿದ. ಅದರ ಮರುದಿನ ಉಂಡವರು ಹೇಗಿತ್ತೆಂದು ಹೇಳಿದ್ದನ್ನು ತೋರಿಸಿದ. ಪರದೆಯ ಕೆಳಗೆ 'ನಿಮ್ಮೂರಿನ ಸುದ್ದಿ ನಮಗೆ ತಿಳಿಸಿ' ಎಂದು ಒಂದು ನಂಬರು ಓಡುತ್ತಿತ್ತು.

"ಹಚ್ಚ ಫೋನು," ಎಂದರು ಅತ್ತೆ. "ನೀ ಮಾತಾಡು. ನಾ ಮಾತ ಬಿಟ್ಟೇನಿ."

ಫೋನಿನಲ್ಲಿ ಒಂದು ಇಂಪಾದ ದನಿ, 'ನಿಮ್ಮ ಕರೆ ನಮಗೆ ಬಹಳ ಮುಖ್ಯ' ಎಂದು ಹಾಡಿದಂತೆ ಹೇಳಿತು. "ಹಂಗಾರ ಎತ್ತ!" ಎಂದರು ಅತ್ತೆ. ಬಹಳ ಹೊತ್ತಿನ ಮೇಲೆ ಒಬ್ಬ ಹುಡುಗಿ ಎತ್ತಿದಳು. ನಾನು ಬಸ್ಸಿನ ವಿಷಯ ಹೇಳಿದೆ.

"ಮೇಡಂ, ಎಷ್ಟು ಜನ ಸತ್ತಿದ್ದಾರೆ?"

"ಯಾರೂ ಸತ್ತಿಲ್ಲ. ಬಸ್ಸು ನಿಂತಿದೆ."

"ಯಾರೂ ಸತ್ತಿಲ್ವಾ..." ಎಂದ ಹುಡುಗಿಯ ದನಿಯಲ್ಲಿ ನಿರಾಸೆ. ಪಾಪ, ಆಕೆಯದೂ ನೌಕರಿ! ಫೋನು ಕಟ್ಟಾಯಿತು.

ಅತ್ತೆ ಖಾಲಾ ಅವರತ್ತ ನೋಡಿದರು. "ಸತ್ತರ ಬರ್ತಾರಂತ ಬೇ."

"ಯಾರ ಸಾಯಬೇಕೀಗ? ನನಗ ಮೊಮ್ಮಗಳ ಲಗ್ನ ಐತಿ," ಎಂದರು ಖಾಲಾ.

"ನಾವ್ಯಾಕ ಸಾಯೋಣು? ಬಸ್ಸ ಸತ್ತದಲ್ಲ! ಸತ್ತವರ ಮನಿಗೆ ಬುತ್ತಿ ಒಯ್ಯಬೇಕೋ ಬ್ಯಾಡೋ?"

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಬೀಗರು, ನೆರೆಯವರು ರೊಟ್ಟಿ ಬಡಿದು, ಪಲ್ಯ ಅನ್ನ ಕಟ್ಟಿಕೊಂಡು ಹೋಗಿ, ಕೂತು ಅತ್ತು, ಮಾತಾಡಿಸಿ, ಆ ಮನೆಯವರಿಗೆ ಬಲವಂತದಿಂದ ಉಣ್ಣಿಸಿ ಬರುತ್ತಾರೆ. ಬುತ್ತಿ ಎಂದರೆ ಇದೇ. ಬಸ್ಸು ತೀರಿಕೊಂಡಿದೆ, ಅದರ ಮನೆಯವರು ಎಂದರೆ ವಿಜಯಪುರದ ಕಚೇರಿಯಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳುವ ಸಾಹೇಬರು, ಅವರು ಉಪವಾಸ ಇದ್ದಾರು, ಬುತ್ತಿ ಒಯ್ಯೋಣ ಎಂದು ಅತ್ತೆ ಮನೆಮನೆಗೆ ಹೇಳುತ್ತ ಹೊರಟರು. ಖಾಲಾ ಜೊತೆಗೆ. ನಿಡೋಣಿಗೂ ಹೇಳಿ ಕಳಿಸಿದರು. ಆ ಬಸ್ಸಿಗೆ ಹಾಲು ಕಳಿಸುತ್ತಿದ್ದವರು, ಮಗಳನ್ನು ಕಾಲೇಜಿಗೆ ಕಳಿಸುತ್ತಿದ್ದವರು, ದವಾಖಾನೆಗೆ ಹೋಗುತ್ತಿದ್ದವರು, ಎಲ್ಲರೂ ರೊಟ್ಟಿ ಬಡಿದರು. ಸುದ್ದಿ ತಿಳಿದು ಎರಡು ಪಕ್ಷದ ಪುಢಾರಿಗಳು ಒಬ್ಬರ ಹಿಂದೆ ಒಬ್ಬರು ಬಂದು, "ಅಮ್ಮಾರ, ನಮ್ಮ ಧ್ವಜ ಹಿಡ್ಕೊಂಡ ಹೋಗ್ರಿ" ಎಂದರು.

"ಅಳಾಕ ಹೊಂಟೇವೋ ತಮ್ಮಾ. ಸತ್ತವರ ಮನಿಗೆ ಯಾರರ ಧ್ವಜಾ ಒಯ್ತಾರೇನು? ಬರೂದಿದ್ರ ನಿಮ್ಮ ಮನಿಯಿಂದ ಒಂದ ಡಬ್ಬಿ ಪಲ್ಯ ಕಳಸ್ರಿ," ಎಂದರು ಅತ್ತೆ. ಒಬ್ಬರ ಮನೆಯಿಂದ ಬದನೆಕಾಯಿ ಎಣ್ಣೆಗಾಯಿ ಬಂತು. ಚೆನ್ನಾಗಿಯೇ ಇತ್ತು.

ಟ್ರ್ಯಾಕ್ಟರಿನಲ್ಲಿ, ಜೀಪಿನಲ್ಲಿ ಹೊರಟೆವು. ನಾನೂ ರಜೆ ಹಾಕಿ ಹೋದೆ. ಸಾಹೇಬರ ಕೋಣೆಗೆ ಅತ್ತೆ, ಖಾಲಾ ಮುಂದಾಗಿ ನುಗ್ಗಿ, ತಲೆಯ ಮೇಲೆ ಒಬ್ಬರು ಸೆರಗು, ಒಬ್ಬರು ಬುರ್ಖಾ ಎಳೆದುಕೊಂಡು, ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತೇಬಿಟ್ಟರು. ಹಿಂದೆ ಇಡೀ ಹೆಣ್ಣುಮಕ್ಕಳ ದಂಡು.

"ಏನಾಗಿತ್ತರಿ ಯಪ್ಪಾ? ಹಿಂದಿನ ದಿನಾ ಚಲೋನ ಇತ್ತಲ್ಲ!" ಎಂದು ಅತ್ತೆ ಶುರು ಮಾಡಿದರು.

ಸಾಹೇಬರು ಕನ್ನಡಕ ತೆಗೆದರು. "ಯಾರಿಗೆ?"

"ಏರು ಬಂದಾಗ ಒಂದ ಸ್ವಲ್ಪ ಕೆಮ್ಮತಿತ್ತು, ಪಾಪ. ಆದ್ರ ಒಂದ ದಿನಾನೂ ನಮ್ಮ ಕೈ ಬಿಟ್ಟಿರಲಿಲ್ಲ," ಎಂದು ಖಾಲಾ ಕಣ್ಣೊರೆಸಿಕೊಂಡರು. "ಎಂಥಾ ಬಸ್ಸ! ಅಂಥಾ ಬಸ್ಸ ಇನ್ನ ಹುಟ್ಟಂಗಿಲ್ಲ!"

ಹಿಂದಿನ ಸಾಲಿನವರು ದನಿ ತೆಗೆದರು. ನಮ್ಮ ಕಡೆಯ ಹೆಂಗಸರು ಅಳಲು ಕುಳಿತರೆ ಅರೆಬರೆ ಮಾಡುವವರಲ್ಲ. ಒಬ್ಬಾಕೆಗೆ ನಿಜವಾಗಿಯೂ ತನ್ನ ತೀರಿಕೊಂಡ ಅಣ್ಣ ನೆನಪಾಗಿ ಇನ್ನೂ ಜೋರಾಯಿತು. ಅತ್ತೆ ಬುತ್ತಿ ಬಿಚ್ಚಿ, "ಹಸಗೊಂಡ ಕುಂದರಬ್ಯಾಡ್ರಿ, ಹೋದದ್ದು ಹೋತು, ಎರಡ ತುತ್ತ ಉಣ್ರಿ" ಎಂದು ಸಾಹೇಬರ ಫೈಲುಗಳ ಮೇಲೆಯೇ ರೊಟ್ಟಿ ಬಡಿಸಿದರು.

ಎಡವಟ್ಟಾದದ್ದು ಹೊರಗೆ! ಒಳಗೆ ಹೆಂಗಸರ ಅಳು, ಕೈಯಲ್ಲಿ ಬುತ್ತಿ. ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಬೇರೆ ಅರ್ಥವೇ ಇಲ್ಲ. ಬಾಗಿಲಲ್ಲಿದ್ದ ಜವಾನ ಒಳಗೆ ಇಣುಕುವ ಧೈರ್ಯವಿಲ್ಲದೆ, ಸಾಹೇಬರಿಗೇ ಏನೋ ಆಗಿದೆ ಎಂದು ಅವರ ಮಾವನ ಮನೆಗೆ ಫೋನು ಮಾಡಿದ. ಮಾವನ ಮನೆ ತಿಕೋಟಾ. ಅಲ್ಲಿಂದ ಮುದುಕರು ಸಿಕ್ಕ ಗಾಡಿ ಹತ್ತಿ, ದಾರಿಯುದ್ದಕ್ಕೂ ಎದೆ ಹಿಡಿದುಕೊಂಡು ಬಂದು ಬಾಗಿಲು ತಳ್ಳಿದರೆ, ಅಳಿಯ ಬದನೆಕಾಯಿ ಎಣ್ಣೆಗಾಯಿ ಉಣ್ಣುತ್ತ ಕುಳಿತಿದ್ದಾನೆ! ಮುದುಕರು ಅಳಿಯನನ್ನು ತಬ್ಬಿ ಮುಖವೆಲ್ಲ ಸವರಿ ನೋಡಿದರು. ನೆಲದ ಮೇಲಿದ್ದ ನಾವೆಲ್ಲ ಈ ಸಲ ನಿಜವಾಗಿಯೇ ಅತ್ತೆವು.

ಸಾವಿನ ಸುದ್ದಿ ಟಿವಿಯವರಿಗೂ ಮುಟ್ಟಿತ್ತು. ಒಬ್ಬ ಹುಡುಗ ಮೈಕು ಹಿಡಿದು ಓಡಿ ಬಂದ. "ಸತ್ತವರು ಯಾರು?"

"ಬಸ್ಸು," ಎಂದೆವು ಎಲ್ಲರೂ.

ಅವನ ಮುಖ ಬಾಡಿತು. ಒಂದು ಕಿಟಕಿಯ ಗಾಜಾದರೂ ಒಡೆದರೆ ಮೇಲಿನವರು ಒಪ್ಪಿಯಾರು ಎಂದು ಗೋಗರೆದ. "ಗಾಜ ಒಡದರ ಗಾಳಿ ಬರ್ತೈತಿ, ಬಸ್ಸ ಬರೂದಿಲ್ಲೋ" ಎಂದರು ಅತ್ತೆ. ಆಮೇಲೆ ಅವನು ಖಾಲಾ ಅವರ ಬುರ್ಖಾ ನೋಡಿ, "ಇವರು ನಿಮ್ಮ ಜೊತೆ ಯಾಕೆ ಬಂದಿದ್ದಾರೆ?" ಎಂದು ಮೈಕು ಮುಂದೆ ಹಿಡಿದ. ಅತ್ತೆ ಮೈಕನ್ನು ಕೈಯಿಂದ ಸರಿಸಿ, "ಆಕಿ ಇಲ್ಲದ ನಾ ಎಲ್ಲೂ ಅಳಾಕ ಹೋಗಂಗಿಲ್ಲ" ಎಂದರು. ಹುಡುಗ ತಲೆ ತಗ್ಗಿಸಿದ. "ಅಮ್ಮಾ, ನಾನು ಇದನ್ನ ಕಳಿಸ್ತೀನಿ. ಹಾಕೋದು ಬಿಡೋದು ನನ್ನ ಕೈಲಿಲ್ಲ," ಎಂದು ಮೆಲ್ಲಗೆ ಹೇಳಿದ. ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ. ಅತ್ತೆ ಅವನನ್ನೂ ಕೂರಿಸಿ ಉಣ್ಣಿಸಿದರು.

ಸಾಹೇಬರು ಕೈ ತೊಳೆದುಕೊಂಡು, "ನೋಡೋಣ, ಡ್ರೈವರ್ ಸಿಕ್ಕರೆ..." ಎಂದು ರಾಗ ಎಳೆದರು. ಅತ್ತೆ ಎದ್ದರು. ಡಬ್ಬಿ, ಬುಟ್ಟಿ, ಬೋಗುಣಿ ಎಲ್ಲವನ್ನೂ ಅಲ್ಲೇ ಬಿಟ್ಟರು.

"ಅಮ್ಮಾ, ನಿಮ್ಮ ಭಾಂಡೆ!"

"ಇರಲಿ ಬಿಡ್ರಿ. ಅವಸರ ಇಲ್ಲ. ನಸಕಿನ ಬಸ್ಸಿನ್ಯಾಗ ಇಟ್ಟ ಕಳಸ್ರಿ."

ಒಂದೇ ಸಲಕ್ಕೆ ಮುಗಿಯಲಿಲ್ಲ. ಬುತ್ತಿ ಒಯ್ಯುವುದೂ ಒಂದು ದಿನದ ಕೆಲಸವಲ್ಲವಲ್ಲ! ಮುಂದಿನ ವಾರ ನಿಡೋಣಿಯವರು ಒಯ್ದರು, ಅವರ ಹಿಂದೆ ಮತ್ತೆ ನಾವು ಒಯ್ದೆವು. ಪ್ರತಿ ಸಲವೂ ಭಾಂಡೆ ಅಲ್ಲೇ. ಸಾಹೇಬರ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ಡಬ್ಬಿಗಳ ಮೇಲೂ ಯಾರದೋ ಲಗ್ನದಲ್ಲಿ ಕೆತ್ತಿಸಿದ ಹೆಸರು. ದಿನಾ ಒಬ್ಬಾಕೆ ಫೋನು ಮಾಡಿ, "ನಮ್ಮ ತವರಮನಿ ಬೋಗುಣಿ ಹುಷಾರ ಐತಿಲ್ರಿ?" ಎಂದು ವಿಚಾರಿಸುವಳು. ತಿಕೋಟಾದ ಮಾವನಂತೂ ಅಳಿಯನನ್ನು ಬಿಡಲೇ ಇಲ್ಲ. "ಅಷ್ಟ ಮಂದಿ ಹೆಣ್ಣಮಕ್ಕಳ ಅನ್ನಾ ಉಂಡೀ, ಒಂದ ಬಸ್ಸ ಬಿಡಾಕ ನಿನಗೇನ ಧಾಡಿ?" ಎಂದು ದಿನವೂ ಕೇಳಿದರಂತೆ. ಸಾಹೇಬರೂ ಮೇಲಿನವರಿಗೆ ಬರೆದು, ಗೋಗರೆದು, ಎಲ್ಲಿಂದಲೋ ಒಬ್ಬ ಡ್ರೈವರನನ್ನು ಹೊಂದಿಸಿದರು. ಅವರಿಗೂ ನನ್ನ ನಮಸ್ಕಾರ ಇರಲಿ.

ತಿಂಗಳು ಮುಗಿಯುವ ಮೊದಲೇ ಒಂದು ನಸುಕಿನಲ್ಲಿ ಬಸ್ಸು ಬಂತು, ಮುಂದಿನ ಸೀಟುಗಳ ತುಂಬ ಭಾಂಡೆ! ಕಂಡಕ್ಟರು ಕೆಳಗಿಳಿದು ಹೆಸರು ಓದಿ ಓದಿ ಹಂಚಿದರು. ಇಡೀ ಓಣಿ ಅಲ್ಲಿ ನೆರೆದಿತ್ತು. ಟಿವಿಯಲ್ಲಿ ಇದು ಬರಲಿಲ್ಲ. ನನ್ನ ಗಂಡನಿಗೆ ಸಿಟ್ಟು, "ಒಂದ ನಿಮಿಷರ ತೋರಸಬೇಕಿತ್ತ ಅವ್ವಾ!" ಎಂದರು. ಅತ್ತೆಗೆ ಅದರ ಪರಿವೆಯೇ ಇಲ್ಲ, ಖಾಲಾ ಅವರ ಡಬ್ಬಿಯ ಮುಚ್ಚಳ ಅದಲುಬದಲಾಗಿದೆ ಎಂದು ಕಂಡಕ್ಟರರ ಜೊತೆ ವಾದಕ್ಕಿಳಿದಿದ್ದರು. ನಾನು ಬಸ್ಸು ಹತ್ತಿದೆ. ಏನಾದರೂ ಹೇಳಬೇಕೆಂದು ಕಿಟಕಿಯಿಂದ ಬಗ್ಗಿದೆ. ಸೊಸೆಯಾದವಳು ಅತ್ತೆಗೆ ಉಪಕಾರವಾಯಿತು ಎಂದು ಹೇಳುವ ಮಾತು ನಮ್ಮ ಮನೆಗಳಲ್ಲಿ ಇಲ್ಲ, ನನ್ನ ಬಾಯಿಗೂ ಬರಲಿಲ್ಲ. ಬಸ್ಸು ಹೊರಟಿತು.

ಲ್ಯಾಬಿನಲ್ಲಿ ಕೋಟು ತೊಟ್ಟು, ಮೊದಲ ಕುರ್ಚಿಯಲ್ಲಿ ತೋಳೇರಿಸಿ ಕುಳಿತಿದ್ದ ಅಜ್ಜನ ಕೈಗೆ ಪಟ್ಟಿ ಬಿಗಿಯುತ್ತಿದ್ದೆ, ಫೋನು ಬಂತು. ಅತ್ತೆ. ಅವರು ನನಗೆ ಎಂದೂ ಫೋನು ಮಾಡಿದವರಲ್ಲ.

"ಮುಟ್ಟಿದೇನವಾ?"

"ಮುಟ್ಟೇನಿ ಅತ್ತಿ. ಎಂಟಕ್ಕ ಸರಿಯಾಗಿ."

ಅತ್ತೆ ಫೋನು ಕೈಯಲ್ಲೇ ಹಿಡಿದು ಹಿಂದಕ್ಕೆ ತಿರುಗಿ, "ಮುಟ್ಟ್ಯಾಳಂತ!" ಎಂದು ಕೂಗಿದರು. ಗೋಡೆಯಾಚೆಯಿಂದ ಖಾಲಾ ಅವರ ದನಿ, "ಮುಟ್ಟ್ಯಾಳಂತ ಬೇ!" ಅದರಾಚೆ ಇನ್ಯಾರೋ, ಅವರಾಚೆ ಮತ್ಯಾರೋ, ಓಣಿಯ ಬಾಗಿಲು ಬಾಗಿಲಿಗೂ ಆ ಕೂಗು ದಾಟುತ್ತ ದಾಟುತ್ತ ದೂರ ಹೋಯಿತು. ನಾನು ಹತ್ತಿಯ ಉಂಡೆ ಹಿಡಿದುಕೊಂಡು ಕೇಳುತ್ತಲೇ ನಿಂತೆ. ಕಣ್ಣು ತುಂಬಿ ಅಜ್ಜನ ನರ ಕಾಣಿಸದಾಯಿತು.

"ಯಾಕವಾ, ಊರಿಂದ ಏನರ ಕೆಟ್ಟ ಸುದ್ದೀನು?" ಎಂದರು ಅಜ್ಜ.

"ಇಲ್ರೀ ಅಜ್ಜಾರ," ಎಂದೆ. "ನಾ ಕೆಲಸಕ್ಕ ಮುಟ್ಟೇನಿ ಅಂತ ಸುದ್ದಿ."